ಬೆಕ್ಕು ಇರಲಿ, ಫಿನಾಯಿಲ್ ಹೊರಗಿರಲಿ

ಬೆಕ್ಕಿಲ್ಲದ ಕೃಷಿಕರ ಮನೆ ನಮ್ಮ ಕಡೆ ಅಪರೂಪ. ಅಟ್ಟದಲ್ಲಿ ಅಡಿಕೆ ಗೋಣಿ, ಮೂಲೆಯಲ್ಲಿ ಕೊಬ್ಬರಿ, ಪತ್ತಾಯದಲ್ಲಿ ಭತ್ತ. ಇಲಿಗೆ ಇನ್ನೇನು ಬೇಕು? ಬೋನು, ವಿಷ ಎರಡಕ್ಕಿಂತಲೂ ಬೆಕ್ಕೇ ವಾಸಿ. ಆದರೆ ಮನೆಗೆ ಹೊಸ ಟೈಲ್ಸ್ ಬಂತು, ಸೋಫಾ ಬಂತು ಅಂದ ಕೂಡಲೇ ಅದೇ ಬೆಕ್ಕು ಬೇಡವಾಗುತ್ತದೆ. 'ಮೂತ್ರದ ವಾಸನೆ ತಡೀಲಿಕ್ಕಾಗುದಿಲ್ಲ' ಅಂತ ಗೋಣಿಯಲ್ಲಿ ಕಟ್ಟಿ ಪೇಟೆಯ ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬರುವುದು ಈಗ ಮಾಮೂಲಿ. ಹಸಿವೆ, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಅಪರಾಧ ಕೂಡಾ. ಬೆಕ್ಕನ್ನು ಹೊರಹಾಕುವ ಮೊದಲು ನಾವು ನೆಲ ತೊಳೆಯುವ ಕ್ರಮವನ್ನು ಒಮ್ಮೆ ನೋಡಿಕೊಳ್ಳಬೇಕು ಎಂಬುದು ನನ್ನ ವಾದ.

ವಾಸನೆ ಬರುವುದೆಲ್ಲಿಂದ? ಮೂತ್ರದಲ್ಲಿ ಯೂರಿಯಾ ಇದೆ. ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಅಮೋನಿಯಾ ಏಳುತ್ತದೆ. ಗುಡಿಸದ ಹಟ್ಟಿಯಲ್ಲಿ ಮೂಗಿಗೆ ಬಡಿಯುವುದೂ ಇದೇ. ಬೆಕ್ಕಿನದ್ದು ಇನ್ನೂ ಖಾರ. ಮರುಭೂಮಿಯ ಕಾಡುಬೆಕ್ಕಿನ ವಂಶವಾದ್ದರಿಂದ ಅದರ ಮೂತ್ರ ತುಂಬಾ ಗಾಢ. ಜತೆಗೆ ಗಂಧಕ ಇರುವ ಫೆಲಿನೀನ್ ಎಂಬ ವಸ್ತು ಇದೆ, ಗಂಡು ಬೆಕ್ಕಿನಲ್ಲಂತೂ ಹೆಚ್ಚು. ಅದು ನಿಧಾನವಾಗಿ ಒಡೆಯುತ್ತಾ ಹೋಗುವುದರಿಂದ ಇವತ್ತಿಗಿಂತ ನಾಳೆ ನಾತ ಜಾಸ್ತಿ. ಹಾಗಾಗಿ ಮೊದಲ ಹತ್ತು ನಿಮಿಷದ ಕೆಲಸಕ್ಕೆ ಇರುವ ಬೆಲೆ ಆಮೇಲಿನ ಹತ್ತು ಬಾಟ್ಲಿಗೆ ಇಲ್ಲ.

ನಾವು ಮಾಡುವುದೇನು? ಸೀದಾ ಫಿನಾಯಿಲ್ ಚೆಲ್ಲುವುದು. ಇದಕ್ಕೆ ನನ್ನ ತಕರಾರು ಮೂರು. ಒಂದು, ಅದು ವಾಸನೆಯ ಮೇಲೆ ಇನ್ನೊಂದು ವಾಸನೆ ಹೊದೆಸುತ್ತದೆ ಅಷ್ಟೆ. ನಮ್ಮ ಮೂಗಿಗೆ ಮೋಸವಾದರೂ ಬೆಕ್ಕಿನ ಮೂಗಿಗೆ ಆಗುವುದಿಲ್ಲ. ಅದು ಪುನಃ ಅದೇ ಜಾಗಕ್ಕೆ ಬರುತ್ತದೆ. ಎರಡು, ಫಿನಾಲ್ ಜಾತಿಯ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಕೋಶಕ್ಕಲ್ಲ, ಯಕೃತ್ತಿಗೇ ಬಹಳ ಕಡಿಮೆ. ಒದ್ದೆ ನೆಲದಲ್ಲಿ ನಡೆದು ಕಾಲು ನೆಕ್ಕಿಕೊಂಡರೂ ಅದಕ್ಕೆ ವಿಷವಾದೀತು. ಮೂರನೆಯದ್ದು ನಮ್ಮ ಕಿಸೆಗೇ ಸಂಬಂಧಪಟ್ಟದ್ದು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಕೆಲವರ ಮನೆಯಲ್ಲಿ ಬಾಳೆಬುಡಕ್ಕೆ, ಕೆಲವರಲ್ಲಿ ಹಟ್ಟಿಯ ನೀರಿನೊಟ್ಟಿಗೆ ಗೋಬರ್ ಗ್ಯಾಸಿನ ಗುಂಡಿಗೆ. ಗ್ಯಾಸು ಕೊಡುವುದು ಬ್ಯಾಕ್ಟೀರಿಯಾಗಳು. ಫಿನಾಯಿಲ್ ಇರುವುದು ಅವನ್ನು ಕೊಲ್ಲಲಿಕ್ಕೆ. ಆಮೇಲೆ ಒಲೆ ಉರಿಯದಿದ್ದರೆ ಸೆಗಣಿಯನ್ನು ದೂರಿ ಏನು ಪ್ರಯೋಜನ?

ಬ್ಲೀಚಿಂಗ್ ಪೌಡರ್ ಇನ್ನೂ ಅಪಾಯ. ಮೂತ್ರದ ಅಮೋನಿಯಾಕ್ಕೆ ಅದು ತಾಗಿದರೆ ಕಣ್ಣು, ಗಂಟಲು ಉರಿಸುವ ಕ್ಲೋರಮೀನ್ ಅನಿಲ ಹುಟ್ಟುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ ಸೇರಿದರಂತೂ ಕ್ಲೋರಿನ್ನೇ ಏಳುತ್ತದೆ. ಕಿಟಕಿ ಹಾಕಿದ ಕೋಣೆಯಲ್ಲಿ ಈ ಸಾಹಸ ಬೇಡವೇ ಬೇಡ.

ಹಾಗಾದರೆ ಮಾಡಬೇಕಾದ್ದೇನು? ಹಸಿಯಾಗಿರುವಾಗಲೇ ಹಳೇ ಬಟ್ಟೆ ಅಥವಾ ಪೇಪರು ಒತ್ತಿ ಹೀರಿಸಿ. ಉಜ್ಜಬಾರದು, ಉಜ್ಜಿದರೆ ಹರಡುತ್ತದೆ, ಒಳಗಿಳಿಯುತ್ತದೆ. ಆಮೇಲೆ ತಣ್ಣೀರು ಹಾಕಿ ಎರಡು ಮೂರು ಸಲ ಒರೆಸಿ. ಮುಂದಿನದ್ದು ನೆಲ ನೋಡಿಕೊಂಡು.

ಟೈಲ್ಸ್ ಆದರೆ ಸುಲಭ, ಆದರೆ ಮೂತ್ರ ಕೂತಿರುವುದು ಸಂದಿನ ಸಿಮೆಂಟಿನಲ್ಲಿ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸಂದನ್ನೇ ತಿಕ್ಕಬೇಕು. ಸಿಮೆಂಟು, ರೆಡ್ ಆಕ್ಸೈಡ್ ನೆಲಕ್ಕೆ ಹುಣಸೆ, ಲಿಂಬೆ, ಬಿಂಬುಳಿ, ವಿನೆಗರ್ ಯಾವುದೂ ಬೇಡ. ಹುಳಿ ಸಿಮೆಂಟಿನ ಸುಣ್ಣವನ್ನು ತಿಂದು ಹೊಳಪು ತೆಗೆಯುತ್ತದೆ, ದೊರಗಾದ ನೆಲ ಮುಂದಿನ ಸಲ ಇನ್ನಷ್ಟು ಕುಡಿಯುತ್ತದೆ. ಅಂಟುವಾಳದ ನೊರೆ ಅಥವಾ ಸೌಮ್ಯ ಸಾಬೂನು ಸಾಕು. ಮರದ ಬೆಂಚು, ಬಾಗಿಲಿನ ದಾರಂದದಲ್ಲಿ ಕಪ್ಪು ಕಲೆ ಬಿದ್ದಿದ್ದರೆ ಒಣಗಿಸಿ, ಉಪ್ಪುಕಾಗದ ಹಿಡಿದು, ಮತ್ತೆ ಎಣ್ಣೆಯೋ ಪಾಲಿಶೋ ಕೊಡುವುದೇ ದಾರಿ. ಹತ್ತಿ ಹಾಸಿಗೆ, ಸೋಫಾಕ್ಕೆ ಅರ್ಧಕ್ಕರ್ಧ ನೀರು ಬೆರೆಸಿದ ವಿನೆಗರ್ ಒತ್ತಿ ಹೀರಿಸಿದರೆ ಅಮೋನಿಯಾ ಅಡಗುತ್ತದೆ. ಬಣ್ಣ ಹೋಗುತ್ತದೋ ಅಂತ ಮೊದಲು ಮೂಲೆಯಲ್ಲಿ ನೋಡಿ. ಅದು ಒಣಗಿದ ಮೇಲೆ ಅಡಿಗೆ ಸೋಡಾ ಉದುರಿಸಿ ಮರುದಿನ ಕೊಡವಿ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದನ್ನೊಂದು ಕೊಂದುಕೊಳ್ಳುತ್ತವೆ. ಕೊನೆಗೆ ಗಟ್ಟಿ ಬಿಸಿಲು. ಮಳೆಗಾಲದಲ್ಲಿ ನಾತ ಪುನಃ ಏಳುವುದು ಒಳಗೆ ಉಳಿದದ್ದು ತೇವಕ್ಕೆ ಜೀವ ಪಡೆಯುವುದರಿಂದ.

ಹಳೇ ಕಲೆಗೆ ಕಿಣ್ವ ಇರುವ ದ್ರಾವಣಗಳು ಪೇಟೆಯಲ್ಲಿವೆ. ರೇಟು ಜಾಸ್ತಿ, ಆದರೆ ಸೋಫಾದಂಥ ತೊಳೆಯಲಾಗದ ವಸ್ತುವಿಗೆ ಉಪಯೋಗ ಇದೆ. ಸುರಿದು ಕೂಡಲೇ ಒರೆಸಿದರೆ ದುಡ್ಡು ದಂಡ. ಕೆಲವು ಗಂಟೆ ಒದ್ದೆಯಾಗಿ ಇರಬೇಕು. ಜಾಗ ಸಿಗದಿದ್ದರೆ ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನು ಕತ್ತಲೆಯಲ್ಲಿ ಹಿಡಿಯಿರಿ, ಒಣಗಿದ ಮೂತ್ರ ಮಂಕಾಗಿ ಹೊಳೆಯುತ್ತದೆ.

ತೊಳೆಯುವುದಕ್ಕಿಂತ ತಡೆಯುವುದು ಅಗ್ಗ. ಅಗಲ ಟ್ರೇಯಲ್ಲಿ ಹೊಯಿಗೆಯೋ ಒಣ ತೆಂಗಿನ ನಾರಿನ ಹುಡಿಯೋ ಹಾಕಿ ಜನ ಓಡಾಡದ ಮೂಲೆಯಲ್ಲಿಟ್ಟರೆ ಬೆಕ್ಕು ತಾನೇ ಕಲಿಯುತ್ತದೆ. ಮಣ್ಣು ಮುಚ್ಚುವುದು ಅದರ ಹುಟ್ಟುಗುಣ. ಅದರ ಹಿಕ್ಕೆಯನ್ನು ಪ್ರತಿದಿನ ತೆಗೆದು ಹೂಳಿ, ತರಕಾರಿ ಗೊಬ್ಬರಕ್ಕೆ ಬೇಡ. ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಅದರಲ್ಲಿ ಇರಬಹುದು, ಗರ್ಭಿಣಿಯರು ಮುಟ್ಟಲೇಬಾರದು. ಗೋಡೆಗೆ ಬಾಲ ಎತ್ತಿ ಸಿಡಿಸುವ ಗಂಡು ಬೆಕ್ಕಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಹತ್ತರಲ್ಲಿ ಒಂಬತ್ತು ಆ ಚಟ ಬಿಡುತ್ತವೆ. ಗಂಡು ಬೆಕ್ಕು ತಿಣುಕಿದರೂ ಮೂತ್ರ ಬರದಿದ್ದರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ, ತಡವಾದರೆ ಸಾಯುತ್ತದೆ. ನಾಯಿ ಸಾಕಿದವರು ಅದಕ್ಕೆ ಇಲಿಜ್ವರದ ಲಸಿಕೆ ಹಾಕಿಸಿ. ಆ ರೋಗಾಣು ನಾಯಿಯ ಮೂತ್ರದಿಂದಲೂ ನಮಗೆ ದಾಟುತ್ತದೆ, ಗಾಯ ಇರುವ ಕೈಯಲ್ಲಿ ಒರೆಸಬೇಡಿ.

ಘಮಘಮ ಅನ್ನುವ ನೆಲವೆಲ್ಲ ಶುಚಿಯಲ್ಲ. ಶುಚಿಯಾದ ನೆಲಕ್ಕೆ ಯಾವ ವಾಸನೆಯೂ ಇರುವುದಿಲ್ಲ. ವರ್ಷವಿಡೀ ಅಟ್ಟ ಕಾಯುವ ಬೆಕ್ಕಿಗೆ ಒಂದು ಟ್ರೇ ಹೊಯಿಗೆ, ಹತ್ತು ನಿಮಿಷದ ಕೆಲಸ. ಇಷ್ಟು ಸಂಬಳವನ್ನೂ ನಾವು ಕೊಡಲಾರೆವೇ?