ಸೋರುವ ಸೂರಿಗೆ ಒಂದು ವಾರದ ಸೇವೆ

ಅಮೆರಿಕದ ಶಾಲೆಗಳಿಗೆ ಬೇಸಿಗೆ ರಜೆ ಬಿದ್ದೊಡನೆ ಚರ್ಚುಗಳ ಅಂಗಳದಿಂದ ವ್ಯಾನುಗಳು ಅಪಲೇಷಿಯಾ ಬೆಟ್ಟಗಳತ್ತ ಹೊರಡುತ್ತವೆ. ಒಳಗಿರುವವರು ಹೈಸ್ಕೂಲು ಓದುವ ಹುಡುಗ ಹುಡುಗಿಯರು, ಜತೆಗೆ ಕೆಲವು ಹಿರಿಯರು. ಕೆಂಟಕಿ, ಟೆನೆಸ್ಸಿ, ವೆಸ್ಟ್ ವರ್ಜೀನಿಯಾಗಳ ಬಡವರ ಮನೆಗಳಲ್ಲಿ ಸೋರುವ ಚಾವಣಿ, ಕುಸಿದ ಜಗಲಿ, ಕೊಳೆತ ಮರದ ನೆಲವನ್ನು ಒಂದು ವಾರ ದುರಸ್ತಿ ಮಾಡಿ ಮರಳುತ್ತಾರೆ. ಮರಳಿದ ಮೇಲೆ ಚರ್ಚಿನಲ್ಲಿ ಎದ್ದು ನಿಂತು ಆಡುವ ಮಾತು ಬಹುತೇಕ ಒಂದೇ: ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ದುರಸ್ತಿಗೆ ಹೋದವರೇ ಹೆಚ್ಚು ಪಡೆದು ಬಂದರೆ ಮನೆಯವರಿಗೆ ಸಿಕ್ಕಿದ್ದೇನು ಎಂದು ಕೇಳಲೇಬೇಕಾಗುತ್ತದೆ.

ಉತ್ತರ ಮಕ್ಕಳ ಉತ್ಸಾಹದಲ್ಲೂ ಇಲ್ಲ, ಕಳಿಸಿದ ಚರ್ಚಿನ ಸದುದ್ದೇಶದಲ್ಲೂ ಇಲ್ಲ. ಅವರು ಬರುವ ಮುಂಚೆ ಆ ಊರಿನಲ್ಲಿ ಕೆಲಸ ಮಾಡುತ್ತಿದ್ದವರು ಯಾರು, ಹೋದ ಮೇಲೆ ಉಳಿಯುವವರು ಯಾರು ಎಂಬುದರಲ್ಲಿದೆ.

ಈ ಬಗೆಯ ಸೇವೆಗೆ ದೊಡ್ಡ ಮಾದರಿ ಹಾಕಿಕೊಟ್ಟದ್ದು ಅಪಲೇಷಿಯಾ ಸರ್ವಿಸ್ ಪ್ರಾಜೆಕ್ಟ್. ಮೆಥಡಿಸ್ಟ್ ಪಾದ್ರಿ ಟೆಕ್ಸ್ ಇವಾನ್ಸ್ 1969ರಲ್ಲಿ ಸುಮಾರು 50 ಸ್ವಯಂಸೇವಕರನ್ನು ಕೆಂಟಕಿಯ ಬಾರ್ಬರ್‌ವಿಲ್‌ಗೆ ಕರೆತಂದು ನಾಲ್ಕು ಮನೆಗಳನ್ನು ದುರಸ್ತಿ ಮಾಡಿಸಿದರು. ಐದು ವರ್ಷಗಳ ಹಿಂದಷ್ಟೇ, 1964ರಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿ, ಅದೇ ರಾಜ್ಯದ ಇನೆಜ್ ಎಂಬ ಊರಿಗೆ ಭೇಟಿ ಕೊಟ್ಟಿದ್ದರು. ಸರ್ಕಾರದ ಸಮರ ಮುಟ್ಟದ ಮನೆಗಳಿಗೆ ಚರ್ಚಿನ ಮಕ್ಕಳು ಸುತ್ತಿಗೆ ಹಿಡಿದು ಬಂದರು.

ಹದಿನಾರರ ಹುಡುಗಿಯೊಬ್ಬಳ ಪಾಲಿಗೆ ಆ ವಾರವೆಂದರೆ ಮೊದಲು ಮೈಕೈ ನೋವು. ರಾತ್ರಿ ಯಾವುದೋ ಶಾಲೆಯ ನೆಲದ ಮೇಲೆ ಮಲಗಬೇಕು. ಹಗಲು ಮನೆಯಡಿಯ ಕೆಸರಿನಲ್ಲಿ ತೆವಳಿ ಚಳಿ ತಡೆಯುವ ಹಾಸನ್ನು ತೊಲೆಗಳ ನಡುವೆ ತುರುಕಬೇಕು. ರಸಮಟ್ಟದ ಗುಳ್ಳೆ ನಡುವೆ ನಿಲ್ಲದಿದ್ದರೆ ಹೊಡೆದ ಮೊಳೆಯನ್ನೇ ಕಿತ್ತು ಮತ್ತೆ ಹೊಡೆಯಬೇಕು. ಇಷ್ಟಕ್ಕೂ ಅವಳಿಗೆ ಕೂಲಿಯಿಲ್ಲ. ತಾನೇ ನೂರಾರು ಡಾಲರ್ ಕಟ್ಟಿ ಬಂದಿರುತ್ತಾಳೆ. ಆ ಹಣಕ್ಕಾಗಿ ಕಾರು ತೊಳೆದಿರುತ್ತಾಳೆ, ಚರ್ಚಿನಲ್ಲಿ ಊಟ ಬಡಿಸಿ ಚಂದಾ ಎತ್ತಿರುತ್ತಾಳೆ. ಮಧ್ಯಾಹ್ನ ಮನೆಯ ಅಜ್ಜಿಯ ಜತೆ ಜಗಲಿಯಲ್ಲಿ ಕೂತು ಬುತ್ತಿ ಬಿಚ್ಚಿದಾಗ, ಗಣಿಯಲ್ಲಿ ದುಡಿದು ಶ್ವಾಸಕೋಶ ಕಳೆದುಕೊಂಡ ಗಂಡನ ಕಥೆ ಕೇಳುತ್ತಾಳೆ. ಬಡವರು ಸೋಮಾರಿಗಳು ಎಂಬ, ಮನೆಯಲ್ಲಿ ಕೇಳಿ ಬೆಳೆದ ಮಾತು ಅಲ್ಲಿ ಸಡಿಲಾಗುತ್ತದೆ. ಇದು ಸಣ್ಣ ಕಲಿಕೆಯಲ್ಲ.

ಆದರೂ ಅವಳ ಕಲಿಕೆ ಮನೆಯ ಗೋಡೆಯನ್ನು ನೆಟ್ಟಗೆ ನಿಲ್ಲಿಸುವುದಿಲ್ಲ. ಹೊಂಡುರಾಸ್‌ನ ಉದಾಹರಣೆ ನೋಡಿ. 1998ರ ಮಿಚ್ ಚಂಡಮಾರುತದ ನಂತರ ಉತ್ತರ ಅಮೆರಿಕದ ಚರ್ಚ್ ತಂಡಗಳು ಅಲ್ಲಿಗೆ ಹೋಗಿ ಮನೆ ಕಟ್ಟಿದವು. ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಆ ಮನೆಗಳನ್ನು ಸ್ಥಳೀಯ ಸಂಸ್ಥೆಗಳು ಕಟ್ಟಿದ ಮನೆಗಳೊಂದಿಗೆ ಹೋಲಿಸಿ 2006ರಲ್ಲಿ ಅಧ್ಯಯನ ಪ್ರಕಟಿಸಿದರು. ವಿಮಾನದ ಖರ್ಚೂ ಸೇರಿ ಹೊರಗಿನವರು ಕಟ್ಟಿದ ಮನೆಗೆ ತಗುಲಿದ್ದು ಸುಮಾರು 30,000 ಡಾಲರ್, ಸ್ಥಳೀಯರು ಕಟ್ಟಿದ್ದಕ್ಕೆ ಸುಮಾರು 2,000. ಎರಡೂ ಬಗೆಯ ಮನೆಗಳಲ್ಲಿ ವಾಸಿಸಿದ ಕುಟುಂಬಗಳ ಬದುಕಿನಲ್ಲಿ ಗುರುತಿಸುವಂಥ ವ್ಯತ್ಯಾಸ ಕಾಣಲಿಲ್ಲ. ಹೋಗಿ ಬಂದವರ ಬದುಕೂ ಅವರೇ ಹೇಳಿಕೊಂಡಷ್ಟು ಬದಲಾಗಿರಲಿಲ್ಲ. ಒಂದು ತಂಡದ ಪ್ರಯಾಣದ ಹಣದಲ್ಲಿ ಸ್ಥಳೀಯ ಗಾರೆಯವರಿಗೆ, ಬಡಗಿಗಳಿಗೆ ತಿಂಗಳುಗಟ್ಟಲೆ ಕೆಲಸ ಸಿಗುತ್ತಿತ್ತು.

ಇದನ್ನು ಬಹಳ ಹಿಂದೆಯೇ ಖಾರವಾಗಿ ಹೇಳಿದವರು ಚಿಂತಕ ಇವಾನ್ ಇಲಿಚ್. ಮೆಕ್ಸಿಕೊಗೆ ಸೇವೆಗೆಂದು ಹೊರಟಿದ್ದ ವಿದ್ಯಾರ್ಥಿಗಳ ಮುಂದೆ 1968ರಲ್ಲಿ ಮಾತನಾಡುತ್ತಾ, ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬರ್ಥದ ಎಚ್ಚರಿಕೆ ಕೊಟ್ಟರು. ಸ್ವತಃ ಕ್ಯಾಥೊಲಿಕ್ ಪಾದ್ರಿಯಾಗಿದ್ದವರ ಮಾತಾದ್ದರಿಂದ ಅದನ್ನು ಧರ್ಮದ್ವೇಷವೆಂದು ತಳ್ಳಿಹಾಕುವಂತಿರಲಿಲ್ಲ.

ಹಾಗಾದರೆ ಅಪಲೇಷಿಯಾದ ಕೆಲಸವೂ ವ್ಯರ್ಥವೇ? ಅಲ್ಲ. ಅಲ್ಲಿ ಸಂಸ್ಥೆಯ ಸಿಬ್ಬಂದಿ ಮೊದಲೇ ಬಂದು ಮನೆಗಳನ್ನು ಆರಿಸುತ್ತಾರೆ, ಸಾಮಾನು ತರಿಸುತ್ತಾರೆ. ಈ ವಾರದ ತಂಡ ಅರ್ಧಕ್ಕೆ ಬಿಟ್ಟದ್ದನ್ನು ಮುಂದಿನ ವಾರದ ತಂಡ ಎತ್ತಿಕೊಳ್ಳುತ್ತದೆ. ತನ್ನ ಕಣ್ಣೆದುರು ಕೆಲಸ ಮುಗಿಯದೆ ಹೋಗುವುದೂ ಆ ಹುಡುಗಿಗೆ ಒಂದು ಪಾಠ. ಮಕ್ಕಳು ಇಲ್ಲಿ ಬಂದುಹೋಗುವ ಕೈಗಳು ಮಾತ್ರ, ಹೊಣೆ ಹೊತ್ತು ನಿಂತಿರುವುದು ಸಂಸ್ಥೆ. ಹೊಣೆ ಹೊರುವವರೇ ಇಲ್ಲದ ಕಡೆ ಅದೇ ಉತ್ಸಾಹ ಅರೆಬರೆ ಕಟ್ಟಡವನ್ನೂ ಫೋಟೊಗಳನ್ನೂ ಉಳಿಸಿ ಹೋಗುತ್ತದೆ.

ಈ ಮಾದರಿಯೂ ಪ್ರಶ್ನಾತೀತವಲ್ಲ. ಹದಿನೆಂಟು ತುಂಬದವರನ್ನು ಚಾವಣಿ ಕೆಲಸಕ್ಕೆ ನೇಮಿಸಿಕೊಳ್ಳುವುದನ್ನು ಅಮೆರಿಕದ ಕಾರ್ಮಿಕ ನಿಯಮ ಸಾಮಾನ್ಯವಾಗಿ ನಿಷೇಧಿಸುತ್ತದೆ. ಸಂಬಳಕ್ಕೆ ಅಪಾಯವೆನಿಸಿದ ಕೆಲಸ ಸೇವೆಯ ಹೆಸರಿನಲ್ಲಿ ಸುರಕ್ಷಿತವಾಗುವುದಿಲ್ಲ. ಇನ್ನೂ ದೊಡ್ಡ ಪ್ರಶ್ನೆ, ಅರ್ಧ ಶತಮಾನದಿಂದ ದುರಸ್ತಿ ನಡೆದರೂ ಮನೆಗಳು ಸೋರುತ್ತಲೇ ಇರುವುದೇಕೆ ಎಂಬುದು. ಕಲ್ಲಿದ್ದಲಿನ ಲಾಭ ಬೆಟ್ಟ ಇಳಿದು ಹೋಯಿತು. ಯಂತ್ರಗಳು ಬಂದು ಗಣಿಯ ಕೆಲಸ ಕರಗಿತು. ಉಳಿದವರಲ್ಲಿ ಸ್ವಂತ ಮನೆಯಿದ್ದೂ ಅದನ್ನು ಕಾಪಾಡಿಕೊಳ್ಳಲು ಪಿಂಚಣಿ ಸಾಲದ ವೃದ್ಧರು ಅನೇಕರು. 2022ರ ಜುಲೈ ಪ್ರವಾಹ ಪೂರ್ವ ಕೆಂಟಕಿಯಲ್ಲಿ 40ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡು, ಇಂಥ ಮನೆಗಳಿದ್ದ ಕಣಿವೆಗಳನ್ನೇ ಕೊಚ್ಚಿಕೊಂಡು ಹೋಯಿತು. ಸಂಜೆಯ ಪ್ರಾರ್ಥನೆಯಲ್ಲಿ ಅಜ್ಜಿಯ ಹೆಸರಿನ ಜತೆ ಈ ಕಾರಣಗಳೂ ಚರ್ಚೆಗೆ ಬರದಿದ್ದರೆ ಮಗು ಕರುಣೆ ಕಲಿತೀತು, ನ್ಯಾಯ ಕಲಿಯದು.

ಈ ಲೆಕ್ಕ ನಮಗೂ ಬೇಕು. ಇವಾನ್ಸ್ ಬಾರ್ಬರ್‌ವಿಲ್‌ನಲ್ಲಿ ಸುತ್ತಿಗೆ ಎತ್ತಿದ 1969ರಲ್ಲೇ, ಗಾಂಧೀಜಿ ಜನ್ಮ ಶತಮಾನೋತ್ಸವದ ಸಂದರ್ಭದಲ್ಲಿ, ಭಾರತದ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಶುರುವಾಯಿತು. ಕರ್ನಾಟಕದ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳೂ ಏಳು ದಿನದ ವಿಶೇಷ ಶಿಬಿರಕ್ಕೆ ಹಳ್ಳಿಗೆ ಹೋಗುತ್ತವೆ. ಹಳ್ಳಿಯನ್ನು ದತ್ತು ಪಡೆದು ಅಲ್ಲಿಯೇ ಕೆಲಸ ಮುಂದುವರಿಸಬೇಕೆಂಬುದು ಯೋಜನೆಯ ಆಶಯ. ಆದರೆ ಶ್ರಮದಾನ, ಸಮಾರೋಪ, ಗುಂಪು ಫೋಟೊ, ವರದಿಗೆ ಶಿಬಿರ ಮುಗಿದು, ಮರುವರ್ಷ ಬೇರೆ ಊರಿಗೆ ಬಸ್ಸು ಹತ್ತುವ ಕಾಲೇಜುಗಳು ಕಡಿಮೆಯೇನಲ್ಲ.

ಆದ್ದರಿಂದ ಚರ್ಚಾಗಲಿ, ಕಾಲೇಜಾಗಲಿ, ಮಕ್ಕಳನ್ನು ಕಳಿಸುವ ಮುನ್ನ ಮೂರು ಮಾತು ಖಚಿತಪಡಿಸಿಕೊಳ್ಳಲಿ: ಕೆಲಸವನ್ನು ಆರಿಸಿದ್ದು ಊರಿನವರೇ, ಕಲಿಸಲು ನುರಿತ ಮೇಸ್ತ್ರಿ ಇದ್ದಾರೆಯೇ, ಮರುವರ್ಷ ಅದೇ ಬಾಗಿಲಿಗೆ ಹೋಗಿ ಕೇಳುವವರು ಯಾರು. ಇವಕ್ಕೆ ಉತ್ತರವಿದ್ದರೆ ಮಕ್ಕಳು ಧಾರಾಳವಾಗಿ ಹೋಗಲಿ. ಇಲ್ಲದಿದ್ದರೆ ಪ್ರಯಾಣದ ಹಣವನ್ನು ಆ ಊರಿನ ಬಡಗಿಗೆ ಕಳಿಸುವುದೇ ದೊಡ್ಡ ಸೇವೆ.