ಹತ್ತು ನಿಮಿಷದ ಲೆಕ್ಕ

ಹಾಲಿನ ವ್ಯಾನೊಂದು ಬೆಳಿಗ್ಗೆ ಆರು ಗಂಟೆಗೆ ಡೈರಿಯಿಂದ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಪೂರ್ವಕ್ಕೆ ಇಪ್ಪತ್ತು ನಿಮಿಷ ಹೋದರೆ ಆಸ್ಪತ್ರೆ, ಪಶ್ಚಿಮಕ್ಕೆ ಹತ್ತು ನಿಮಿಷ ಹೋದರೆ ಹಾಸ್ಟೆಲು. ಎರಡೂ ಕಡೆ ಹಾಲು ಹಾಕಿ ಮರಳಬೇಕು. ಎಲ್ಲಿಗೆ ಮೊದಲು ಹೋದರೂ ಒಟ್ಟು ಓಡಾಟ ಒಂದೇ ಗಂಟೆ. (ಕ್ಯಾನು ಇಳಿಸುವ ಹೊತ್ತನ್ನು ಬಿಟ್ಟುಬಿಡೋಣ.) ಇದರಲ್ಲಿ ಲೆಕ್ಕವೇನು ಬಂತು ಎನ್ನುತ್ತೀರಾ?

ಗಡಿಯಾರವನ್ನು ನಡುವೆ ತನ್ನಿ. ಆಸ್ಪತ್ರೆಯವರಿಗೆ 6.30ರೊಳಗೆ ಹಾಲು ಬೇಕು, ಹಾಸ್ಟೆಲಿನವರಿಗೆ 6.20ರೊಳಗೆ. ಹಾಸ್ಟೆಲಿಗೆ ಮೊದಲು ಹೋದರೆ ಆಸ್ಪತ್ರೆ ಮುಟ್ಟುವಾಗ 6.40. ಆಸ್ಪತ್ರೆಗೆ ಮೊದಲು ಹೋದರೆ ಹಾಸ್ಟೆಲಿಗೆ 6.50. ಎರಡೂ ಕೆಟ್ಟಿತು! ಹತ್ತು ನಿಮಿಷ ಮುಂಚೆ ಹೊರಟರಾಯಿತಲ್ಲ ಎಂದು ಜಾಣ ಹುಡುಗಿಯೊಬ್ಬಳು ಹೇಳಿಯಾಳು. ಸರಿಯೇ. 5.50ಕ್ಕೆ ಹೊರಟರೆ 6ಕ್ಕೆ ಹಾಸ್ಟೆಲು, 6.30ಕ್ಕೆ ಆಸ್ಪತ್ರೆ. ಆದರೆ ಹಾಸ್ಟೆಲಿನ ಗೇಟು ತೆಗೆಯುವುದೇ 6.10ಕ್ಕೆ ಎಂದಾದರೆ? ಗೇಟಿನ ಮುಂದೆ ಹತ್ತು ನಿಮಿಷ ಕಾದು, ಆಸ್ಪತ್ರೆಗೆ ಮತ್ತೆ ಅದೇ 6.40. ಇನ್ನೊಂದು ವ್ಯಾನು ತರದೆ ಇದಕ್ಕೆ ಪರಿಹಾರವಿದೆ. ಯೋಚಿಸುತ್ತಿರಿ, ಉತ್ತರ ಕೊನೆಯಲ್ಲಿ.

ಇಲ್ಲಿ ಇದ್ದದ್ದು ಎರಡೇ ಜಾಗ. ಹತ್ತು ಜಾಗಗಳಿದ್ದರೆ ಅವುಗಳನ್ನು ಒಂದರ ನಂತರ ಒಂದು ಮುಟ್ಟಲು 36,28,800 ಬಗೆಗಳಿವೆ. ಇಪ್ಪತ್ತಾದರೆ, ಸೆಕೆಂಡಿಗೆ ಹತ್ತು ಲಕ್ಷ ಬಗೆಗಳನ್ನು ಪರೀಕ್ಷಿಸುವ ಕಂಪ್ಯೂಟರಿಗೂ ಎಲ್ಲವನ್ನೂ ನೋಡಿ ಮುಗಿಸಲು ಸುಮಾರು 77 ಸಾವಿರ ವರ್ಷ ಬೇಕು. ಹೊತ್ತಿನ ಕಟ್ಟಳೆ ಹಾಕಿದರೆ ಆಯ್ಕೆಗಳು ಕಡಿಮೆಯಾಗಿ ಕೆಲಸ ಸುಲಭವಾದೀತು ಎಂದು ನನಗೂ ಮೊದಲು ಅನ್ನಿಸಿತ್ತು. ಹಾಗಲ್ಲ. ಅತ್ಯುತ್ತಮ ದಾರಿಯ ಮಾತಿರಲಿ, ಎಲ್ಲರ ಹೊತ್ತಿಗೂ ಹೊಂದುವ ಒಂದೇ ಒಂದು ದಾರಿ ಸಿಕ್ಕುವುದೇ ಕಷ್ಟವಾಗಬಹುದು. ಶಾಲಾ ವ್ಯಾನಿಗೆ ಹೊಸ ಹುಡುಗನೊಬ್ಬ ಸೇರಿದ ವಾರ, ಅವನ ಮುಂದಿನ ಸ್ಟಾಪುಗಳ ತಾಯಂದಿರೆಲ್ಲ ತಿಂಡಿಯ ಡಬ್ಬಿ ಬೇಗ ಕಟ್ಟಬೇಕೋ ತಡವಾಗಿಯೋ ಎಂದು ಗೊಂದಲಕ್ಕೆ ಬೀಳುವುದು ಇದರಿಂದಲೇ.

1959ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಜಿಗ್ ಮತ್ತು ರಾಮ್ಸರ್, ಪೆಟ್ರೋಲ್ ಲಾರಿಗಳನ್ನು ಬಂಕುಗಳಿಗೆ ಕಳಿಸುವ ಕೆಲಸವನ್ನು ಗಣಿತದ ಪ್ರಶ್ನೆಯಾಗಿಸಿ ಪ್ರಬಂಧ ಬರೆದರು. ಅಂದಿನಿಂದ ಈ ವಿಷಯದಲ್ಲಿ ಪಾಂಡಿತ್ಯ ಬೇಕಾದಷ್ಟು ಬೆಳೆದಿದೆ. ನನಗೆ ಮಾತ್ರ ಎಲ್ಲಕ್ಕಿಂತ ಇಷ್ಟವಾದದ್ದು ಅಟ್ಲಾಂಟಾ ನಗರದ ಒಂದು ಕಾರ್ಡಿನ ಡಬ್ಬಿ.

ಅಲ್ಲಿ ಅಡಿಗೆ ಮಾಡಿಕೊಳ್ಳಲಾಗದ ವೃದ್ಧರಿಗೆ ಮಧ್ಯಾಹ್ನದ ಊಟವನ್ನು ಮನೆಗೇ ಮುಟ್ಟಿಸುವ ಒಂದು ಸೇವೆ ಇತ್ತು. ಚಾಲಕರು ನಾಲ್ವರು. ಕಂಪ್ಯೂಟರ್ ಕೊಳ್ಳಲು ದುಡ್ಡಿಲ್ಲ. ಪಟ್ಟಿಯೋ, ದಿನವೂ ಬದಲಾಗುವಂಥದು. ಒಬ್ಬರು ಆಸ್ಪತ್ರೆ ಸೇರುತ್ತಾರೆ, ಇನ್ನೊಬ್ಬರು ಗುಣವಾಗಿ ಮರಳುತ್ತಾರೆ, ಕೆಲವು ಹೆಸರುಗಳು ಮರಳುವುದೇ ಇಲ್ಲ. ಜಾರ್ಜಿಯಾ ಟೆಕ್‌ನ ಜಾನ್ ಬಾರ್ತೋಲ್ಡಿ, ಲೋರೆನ್ ಪ್ಲಾಟ್ಜ್‌ಮನ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಹೂಡಿದರು. 1983ರಲ್ಲಿ ಅದರ ವಿವರ ಪ್ರಕಟವಾಯಿತು.

ಅಂಗಳದ ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಕೈಯೆತ್ತದೆ ಎಳೆದ ಒಂದೇ ಗೆರೆ ಸುತ್ತಿ ಬಳಸಿ ಎಲ್ಲ ಚುಕ್ಕಿಗಳನ್ನೂ ಮುಟ್ಟಿ ಬರುತ್ತದಲ್ಲವೇ? ಹಾಗೆಯೇ ಇಡೀ ಜಾಗವನ್ನು ತುಂಬುವ ಗೆರೆಗಳನ್ನು ಗಣಿತಜ್ಞರು ಕಂಡುಹಿಡಿದಿದ್ದರು. ಮೊದಲನೆಯದು ಇಟಲಿಯ ಪಿಯಾನೋ 1890ರಲ್ಲಿ ಕೊಟ್ಟದ್ದು. ಅಂಥ ಗೆರೆಯೊಂದನ್ನು ಊರಿನ ನಕ್ಷೆಯ ಮೇಲೆ ಹಾಸಿದಂತೆ ಭಾವಿಸಿ, ಗೆರೆಯ ಮೇಲೆ ಪ್ರತಿ ಮನೆ ಎಲ್ಲಿ ಬೀಳುತ್ತದೆಂದು ಒಂದು ಸಂಖ್ಯೆ ಕೊಟ್ಟರು. ಮನೆಗೊಂದು ಕಾರ್ಡು; ಕಾರ್ಡುಗಳು ಸಂಖ್ಯೆಯ ಕ್ರಮದಲ್ಲಿ. ಆ ಕ್ರಮವೇ ದಾರಿ! ಹೊಸಬರು ಬಂದರೆ ಅವರ ಸಂಖ್ಯೆಯ ಜಾಗದಲ್ಲಿ ಕಾರ್ಡು ಸೇರಿಸಿದರಾಯಿತು, ಹೋದವರ ಕಾರ್ಡು ತೆಗೆದರಾಯಿತು. ಉಳಿದವು ಹಾಗೆಯೇ ಇರುತ್ತವೆ. ಕಟ್ಟನ್ನು ನಾಲ್ಕು ಪಾಲು ಮಾಡಿದರೆ ನಾಲ್ವರಿಗೂ ಅವರವರ ಓಣಿಗಳು.

ಇದು ಅತಿ ಚಿಕ್ಕ ದಾರಿಯಲ್ಲ. ಅದಕ್ಕಿಂತ ಸುಮಾರು ಶೇಕಡಾ 25ರಷ್ಟು ಉದ್ದ. ಆದರೂ ಹಿಂದಿನ ರೂಢಿಗಿಂತ ಓಡಾಟದ ಹೊತ್ತು ಶೇಕಡಾ 13 ಉಳಿಯಿತು. ಎಲ್ಲಕ್ಕೂ ಆದ ಖರ್ಚು 50 ಡಾಲರಿಗಿಂತ ಕಡಿಮೆ. ಒಂದು ಮಾತು ಮುಚ್ಚಿಡಬಾರದು: ಅಲ್ಲಿ ಎಲ್ಲರಿಗೂ ಇದ್ದದ್ದು ಒಂದೇ ಹೊತ್ತು, ಊಟದ ಹೊತ್ತು. ಒಬ್ಬೊಬ್ಬರಿಗೆ ಒಂದೊಂದು ಗಳಿಗೆ ಗೊತ್ತುಮಾಡಿದ್ದರೆ ಕಾರ್ಡಿನ ಡಬ್ಬಿ ಸೋಲುತ್ತಿತ್ತು. ನಮ್ಮ ಹಾಲಿನ ವ್ಯಾನಿಗೂ ಅದು ಒದಗದು.

ಅಂದಹಾಗೆ ವ್ಯಾನಿನ ಉತ್ತರ: 5.30ಕ್ಕೆ ಹೊರಟು ಆಸ್ಪತ್ರೆಗೇ ಮೊದಲು ಹೋಗಬೇಕು. ಅಲ್ಲಿಗೆ 5.50, ಹಾಸ್ಟೆಲಿಗೆ ಸರಿಯಾಗಿ 6.20. ಚಾಲಕ ನಾಲ್ಕೂವರೆಗೆ ಏಳಬೇಕಾದೀತು. ಅದನ್ನು ಅವನನ್ನೇ ಕೇಳಿ.