ಚಲ್ಪಹಾದನ ಹೆಣ್ಣುಮಕ್ಕಳ ಅಹವಾಲು

ಬೈಬಲ್ಲಿನ ಮಹಿಳೆಯರ ಕುರಿತು ನಮ್ಮ ಧರ್ಮಕೇಂದ್ರಗಳಲ್ಲಿ ಪ್ರಬೋಧನೆ ನಡೆದಾಗ ಕೇಳಿಬರುವ ಹೆಸರುಗಳು ಕೆಲವೇ. ರೂತಳ ನಿಷ್ಠೆ, ಹನ್ನಳ ಪ್ರಾರ್ಥನೆ, ಎಸ್ತೇರಳ ಧೈರ್ಯ, ಮಾರ್ತಳ ಸೇವೆ, ಎಲ್ಲಕ್ಕೂ ಮಿಗಿಲಾಗಿ ಮಾತೆ ಮರಿಯಮ್ಮನವರ ವಿಧೇಯತೆ. ಇವನ್ನು ಎಷ್ಟು ಬಾರಿ ಧ್ಯಾನಿಸಿದರೂ ಸಾಲದೆಂಬುದು ದಿಟ. ಆದರೆ ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಬರುವ ಐವರು ಸೋದರಿಯರನ್ನು ನೆನೆಯುವವರು ವಿರಳ. ಭಾನುವಾರದ ಬಲಿಪೂಜೆಯ ವಾಚನಗಳಲ್ಲಿ ಈ ಪ್ರಸಂಗ ಬರುವುದಿಲ್ಲವಾದ್ದರಿಂದ, ಮನೆಯಲ್ಲಿ ಬೈಬಲ್ ತೆರೆದು ಓದುವವರಿಗೆ ಮಾತ್ರ ಇವರ ಪರಿಚಯವಾದೀತು.

ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬುವು ಅವರ ಹೆಸರುಗಳು. (ನೋವಾ ಎಂದರೆ ನಾವೆ ಕಟ್ಟಿದ ನೋಹನಲ್ಲ, ಹೆಣ್ಣುಮಗಳು.) ಲೋಟನ ಮಡದಿಗಾಗಲಿ ಯೆಫ್ತಾಹನ ಮಗಳಿಗಾಗಲಿ ಹೆಸರನ್ನೇ ಕೊಡದ ಪವಿತ್ರ ಗ್ರಂಥವು ಈ ಐವರ ಹೆಸರುಗಳನ್ನು ನಾಲ್ಕು ಕಡೆ ಒಂದನ್ನೂ ಬಿಡದೆ ಹೇಳುತ್ತದೆ. ಅದು ಅಕಾರಣವಾಗಿರಲಾರದೆಂದು ನಾವು ಭಾವಿಸುತ್ತೇವೆ.

ಇಸ್ರಯೇಲರು ಮೋವಾಬಿನ ಬಯಲಿನಲ್ಲಿ ಬೀಡುಬಿಟ್ಟಿದ್ದ ಕಾಲವದು. ಇಪ್ಪತ್ತು ವರ್ಷ ಮೇಲ್ಪಟ್ಟ ಗಂಡಸರ ಎಣಿಕೆ ನಡೆದಿತ್ತು. ಆ ಎಣಿಕೆಯ ಪ್ರಕಾರವೇ ವಾಗ್ದತ್ತ ನಾಡಿನ ಭೂಮಿ ಹಂಚಿಕೆಯಾಗಬೇಕಾಗಿತ್ತು. ಮನಸ್ಸೆ ಕುಲದ ಚಲ್ಪಹಾದನು ಮರುಭೂಮಿಯಲ್ಲಿಯೇ ಗತಿಸಿದ್ದ, ಅವನಿಗೆ ಗಂಡುಮಕ್ಕಳಿರಲಿಲ್ಲ. ಅಂದಮೇಲೆ ಅವನ ಮನೆಗೆ ಪಾಲೂ ಇಲ್ಲ. ಆಗ ಈ ಐವರು ದೇವದರ್ಶನದ ಗುಡಾರದ ಬಾಗಿಲಿಗೆ ಬಂದು, ಮೋಶೆ, ಯಾಜಕ ಎಲ್ಲಾಜಾರ, ಮುಖಂಡರು ಹಾಗೂ ಸಮಸ್ತ ಜನರ ಸಮಕ್ಷಮದಲ್ಲಿ ನಿಂತರು. ಹಿತ್ತಲಲ್ಲಿ ನಿಂತು ಗೊಣಗಲಿಲ್ಲ, ಯಾರದೋ ಮೂಲಕ ಹೇಳಿಕಳುಹಿಸಲಿಲ್ಲ. ಅವರ ಮಾತಿನ ಜಾಣ್ಮೆಯೂ ಗಮನಾರ್ಹ. ತಮ್ಮ ತಂದೆ ಕೋರಹನ ದಂಗೆಯಲ್ಲಿ ಸೇರಿದವನಲ್ಲವೆಂದು ಮೊದಲೇ ಸ್ಪಷ್ಟಪಡಿಸಿ, ಎದುರಾಗಬಹುದಾದ ಆಕ್ಷೇಪಣೆಗೆ ಬಾಗಿಲು ಮುಚ್ಚಿದರು. ಗಂಡುಮಗನಿಲ್ಲವೆಂಬ ಒಂದೇ ಕಾರಣಕ್ಕೆ ತಂದೆಯ ಹೆಸರು ಕುಲದಿಂದ ಅಳಿಸಿಹೋಗಬೇಕೆ ಎಂದು ಕೇಳಿ, ತಂದೆಯ ಸೋದರರ ನಡುವೆ ತಮಗೂ ಸ್ವಾಸ್ತ್ಯ ಕೊಡಬೇಕೆಂದರು.

ಮೋಶೆ ಮಾಡಿದ್ದೇನು? ಸಂಪ್ರದಾಯದ ಮಾತೆತ್ತಿ ಅವರನ್ನು ಹಿಂದಕ್ಕೆ ಕಳುಹಿಸಲಿಲ್ಲ. ತನಗೆ ತಿಳಿಯದ್ದನ್ನು ತಿಳಿದವನಂತೆ ತೀರ್ಪನ್ನೂ ಕೊಡಲಿಲ್ಲ. ವ್ಯಾಜ್ಯವನ್ನು ಸರ್ವೇಶ್ವರನ ಮುಂದೆ ಇಟ್ಟ. ಆ ಹೆಣ್ಣುಮಕ್ಕಳು ಕೇಳುತ್ತಿರುವುದು ನ್ಯಾಯವಾದುದೇ ಎಂಬುದು ಸರ್ವೇಶ್ವರನ ಉತ್ತರವಾಗಿತ್ತು. ಅಷ್ಟೇ ಅಲ್ಲ, ಅವರೊಬ್ಬರ ಮನೆಗೆ ಸಂದ ನ್ಯಾಯ ಇಡೀ ಇಸ್ರಯೇಲಿಗೆ ಶಾಸನವಾಯಿತು. ಅಧಿಕಾರದಲ್ಲಿರುವವರು, ಅವರು ಗುರುಗಳೇ ಆಗಿರಲಿ ಸಂಘಗಳ ಮುಖಂಡರೇ ಆಗಿರಲಿ, ಮೋಶೆಯ ಈ ನಡೆಯನ್ನು ನಿಧಾನವಾಗಿ ಓದುವುದು ಒಳ್ಳೆಯದು.

ಈ ಕಥೆಯನ್ನು ಇದ್ದುದಕ್ಕಿಂತ ದೊಡ್ಡದು ಮಾಡುವುದೂ ಸಲ್ಲದು. ಆ ಶಾಸನದ ಪ್ರಕಾರ ಮಗಳಿಗೆ ಪಾಲು ಸಿಗುತ್ತಿದ್ದುದು ಮಗನಿಲ್ಲದಿದ್ದಾಗ ಮಾತ್ರ. ಅದೇ ಗ್ರಂಥದ 36ನೆಯ ಅಧ್ಯಾಯದಲ್ಲಿ ಗಿಲ್ಯಾದನ ವಂಶದ ಹಿರಿಯರು ಬಂದು, ಈ ಹುಡುಗಿಯರು ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ನಮ್ಮ ಭೂಮಿಯ ಗತಿಯೇನೆಂದು ತಕರಾರು ತೆಗೆದರು. ತಮ್ಮ ಕುಲದಲ್ಲಿಯೇ ವಿವಾಹವಾಗಬೇಕೆಂಬ ಕಟ್ಟುಪಾಡು ಬಂತು. ಅವರು ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನೇ ವರಿಸಿದರು. ಮುಂದೆ ಮೋಶೆ ತೀರಿಕೊಂಡು, ಯೆಹೋಶುವನ ಕಾಲದಲ್ಲಿ ಭೂಮಿಯ ಹಂಚಿಕೆ ನಡೆದಾಗ ಅವರು ಮತ್ತೊಮ್ಮೆ ಬಂದು, ದೇವರ ಅಪ್ಪಣೆಯನ್ನು ನೆನಪಿಸಬೇಕಾಯಿತು. ದೇವರೇ ಕೊಟ್ಟ ಹಕ್ಕನ್ನು ಸಹ ಎರಡು ಸಲ ಕೇಳಿ ಪಡೆಯಬೇಕಾಯಿತು!

ಆದರೂ ಪಾಲು ದೊರೆಯಿತು. 1910ರಲ್ಲಿ ಸಮಾರಿಯದ ಅವಶೇಷಗಳಲ್ಲಿ ದೊರೆತ, ಕ್ರಿಸ್ತಪೂರ್ವ ಎಂಟನೆಯ ಶತಮಾನದ ಬರಹವುಳ್ಳ ಮಡಕೆಯ ಚೂರುಗಳಲ್ಲಿ ಎಣ್ಣೆ, ದ್ರಾಕ್ಷಾರಸಗಳನ್ನು ಕಳುಹಿಸಿದ ಪ್ರದೇಶಗಳ ಹೆಸರುಗಳಿವೆ. ನೋವಾ ಮತ್ತು ಹೊಗ್ಲಾ ಎಂಬ ಹೆಸರುಗಳು ಅಲ್ಲಿವೆ. ತಂದೆಯ ಹೆಸರು ಉಳಿಯಲೆಂದು ಕೇಳಿದವರ ಹೆಸರೇ ನೆಲಕ್ಕೆ ಅಂಟಿಕೊಂಡಿತ್ತು. ಕಾಲೇಬನ ಮಗಳು ಅಕ್ಸಾ ಬೆಂಗಾಡಿನ ಜೊತೆಗೆ ನೀರಿನ ಬುಗ್ಗೆಗಳನ್ನೂ ಕೇಳಿ ಪಡೆದುದು, ಯೋಬನು ತನ್ನ ಮೂವರು ಹೆಣ್ಣುಮಕ್ಕಳಿಗೆ ಅವರ ಅಣ್ಣತಮ್ಮಂದಿರ ಜೊತೆಯಲ್ಲಿಯೇ ಸ್ವಾಸ್ತ್ಯ ಕೊಟ್ಟುದು ಇವೆಲ್ಲವೂ ಅದೇ ಬೈಬಲ್ಲಿನಲ್ಲಿವೆ. ಯೋಬನ ಸಹನೆಯನ್ನು ಕೊಂಡಾಡುವ ನಾವು ಆತನ ಈ ಹಂಚಿಕೆಯನ್ನೇಕೆ ಮರೆಯುತ್ತೇವೋ ತಿಳಿಯದು.

ಈಗ ನಮ್ಮ ಮನೆಗಳಿಗೆ ಬರೋಣ. ಕರ್ನಾಟಕದ ಕ್ರೈಸ್ತರಾದ ನಮಗೆ ಅನ್ವಯವಾಗುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಮರಣಶಾಸನ ಬರೆಯದೆ ತಂದೆ ತೀರಿಕೊಂಡರೆ ಆಸ್ತಿಯ ಮೂರನೆಯ ಒಂದು ಭಾಗ ವಿಧವೆಗೆ. ಉಳಿದ ಎರಡು ಭಾಗ ಮಕ್ಕಳಿಗೆ ಸಮನಾಗಿ. ಮಗನೆಂದೂ ಮಗಳೆಂದೂ, ಪಿತ್ರಾರ್ಜಿತವೆಂದೂ ಸ್ವಯಾರ್ಜಿತವೆಂದೂ ಅಲ್ಲಿ ಭೇದವಿಲ್ಲ. ನಮ್ಮ ಹಿಂದೂ ಸೋದರಿಯರಿಗೆ ಪಿತ್ರಾರ್ಜಿತದಲ್ಲಿ ಇಂಥ ಹಕ್ಕು ದೊರೆಯಲು ಕರ್ನಾಟಕದ 1994ರ ಹಾಗೂ ಕೇಂದ್ರದ 2005ರ ತಿದ್ದುಪಡಿಗಳು ಬರಬೇಕಾಯಿತು. ಕೇರಳದ ತಿರುವಾಂಕೂರು ಸೀಮೆಯ ಕ್ರೈಸ್ತ ಮಹಿಳೆಯರ ಪಾಡು ಬೇರೆಯಾಗಿತ್ತು. ಅಲ್ಲಿನ 1916ರ ಕಾಯಿದೆ ಮಗಳಿಗೆ ಕೊಡುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಶಿಕ್ಷಕಿ ಮೇರಿ ರಾಯ್ ಅವರು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿ, 1986ರ ಫೆಬ್ರವರಿಯಲ್ಲಿ ತೀರ್ಪು ಪಡೆದ ಮೇಲೆಯೇ ಅಲ್ಲಿಯೂ 1925ರ ಕಾಯಿದೆ ಅನ್ವಯವೆಂದಾಯಿತು. 2022ರಲ್ಲಿ ನಿಧನರಾದ ಆ ತಾಯಿ ಮಹ್ಲಾಳ ತಂಗಿಯೇ ಸರಿ.

ನಮ್ಮಲ್ಲಿ ಕಾಯಿದೆಯ ಕೊರತೆಯಿಲ್ಲ. ಇರುವ ಹಕ್ಕನ್ನು ನಯವಾಗಿ ಬಿಡಿಸಿಕೊಳ್ಳುವ ಪದ್ಧತಿಯಿದೆ. ತಂದೆಯ ಮೂವತ್ತನೆಯ ದಿನದ ಬಲಿಪೂಜೆ ಮುಗಿಯುವುದೇ ತಡ, ಹಕ್ಕುಬಿಡುಗಡೆ ಪತ್ರ ಸಿದ್ಧವಾಗಿರುತ್ತದೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹೆಣ್ಣುಮಗಳು ಸಹಿ ಹಾಕುತ್ತಾಳೆ. ಮದುವೆಯಲ್ಲಿ ಒಡವೆ ಕೊಟ್ಟಾಗಿದೆ, ಅದೇ ಅವಳ ಪಾಲು ಎಂಬ ವಾದವೊಂದುಂಟು. ಮಗನ ಓದಿಗೆ, ಅವನ ಮದುವೆಗೆ ಮಾಡಿದ ಖರ್ಚನ್ನು ಅವನ ಪಾಲಿನಿಂದ ಕಳೆದವರನ್ನು ನಾವಂತೂ ಕಂಡಿಲ್ಲ. ಹೆತ್ತವರನ್ನು ಕೊನೆಗಾಲದಲ್ಲಿ ನೋಡಿಕೊಂಡವನು ಮಗನೆಂಬ ಮಾತಿಗೆ ತೂಕವಿದೆ. ಹಾಗೆ ನೋಡಿಕೊಂಡವರಿಗೆ ಹೆಚ್ಚು ಕೊಡಲೆಂದೇ ಮರಣಶಾಸನ ಬರೆಯಲು ಕಾಯಿದೆ ಅವಕಾಶ ಕೊಟ್ಟಿದೆ. ಆದರೆ ನೋಡಿಕೊಂಡವಳು ಮಗಳಾಗಿದ್ದಾಗ ಈ ವಾದ ಕೇಳಿಬರುವುದಿಲ್ಲವಲ್ಲ!

ಧರ್ಮಪ್ರಜ್ಞೆಯುಳ್ಳ ಕೆಲವರು ಸಂತ ಲೂಕನ ಶುಭಸಂದೇಶದ 12ನೆಯ ಅಧ್ಯಾಯವನ್ನು ಮುಂದಿಡುವುದುಂಟು. ಅಣ್ಣನಿಂದ ಪಾಲು ಕೊಡಿಸೆಂದು ಕೇಳಿದವನಿಗೆ ಪ್ರಭು ಯೇಸು ನ್ಯಾಯಾಧಿಪತಿಯಾಗಲು ಒಪ್ಪದೆ, ಲೋಭದ ವಿರುದ್ಧ ಎಚ್ಚರಿಸಿದರು. ಆದುದರಿಂದ ಆಸ್ತಿ ಕೇಳುವುದು ಕ್ರೈಸ್ತಳಿಗೆ ತಕ್ಕುದಲ್ಲವೆಂಬುದು ಅವರ ಅಭಿಪ್ರಾಯ. ಎಚ್ಚರಿಕೆ ಸತ್ಯವೇ. ಆದರೆ ಪ್ರಭು ಅಲ್ಲಿ ಹೇಳಿದ ಸಾಮತಿ ಪಾಲು ಕೇಳಿದವನದಲ್ಲ, ಎಲ್ಲವನ್ನೂ ಕಣಜದಲ್ಲಿ ತುಂಬಿಟ್ಟುಕೊಂಡವನದು. ಅದೇ ಲೂಕನ 18ನೆಯ ಅಧ್ಯಾಯದಲ್ಲಿ ನ್ಯಾಯಕ್ಕಾಗಿ ಮತ್ತೆ ಮತ್ತೆ ಬಾಗಿಲಿಗೆ ಬಂದ ವಿಧವೆಯನ್ನು ಆತ ಪ್ರಾರ್ಥನೆಗೇ ಮಾದರಿಯಾಗಿಸಿದರು.

ಲಿಂಗಭೇದದ ತಾರತಮ್ಯ ದೈವಯೋಜನೆಗೆ ವಿರುದ್ಧವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2010ರಲ್ಲಿ ಲಿಂಗಸಮಾನತೆಯ ನೀತಿಯನ್ನು ಪ್ರಕಟಿಸಿತು. ಅವು ಗ್ರಂಥಾಲಯದ ಕಪಾಟಿನಿಂದ ಧರ್ಮಕೇಂದ್ರದ ಸಭಾಂಗಣಕ್ಕೆ ಇಳಿಯಬೇಕಾಗಿದೆ. ವಿವಾಹಪೂರ್ವ ತರಬೇತಿಯಲ್ಲಿ ವಧೂವರರಿಗೆ ಅನೇಕ ವಿಷಯಗಳನ್ನು ಕಲಿಸುತ್ತೇವೆ. ಉತ್ತರಾಧಿಕಾರ ಕಾಯಿದೆಗೆ ಅರ್ಧ ಗಂಟೆ ಮೀಸಲಿಟ್ಟರೆ ನಷ್ಟವೇನು? ನಮ್ಮ ಸ್ತ್ರೀ ಸಂಘಟನೆಗಳು ವರ್ಷಕ್ಕೊಮ್ಮೆ ವಕೀಲರೊಬ್ಬರನ್ನು ಕರೆಸಬಹುದು. ಸಹಿ ಹಾಕಲೇಬೇಕೆಂದು ಒತ್ತಾಯ ಬಂದಾಗ, ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಆ ಪತ್ರವನ್ನು ಮನೆಗೆ ತರಿಸಿ, ಬಲ್ಲವರಿಂದ ಓದಿಸಿ ಕೇಳುವ ಅಧಿಕಾರ ಪ್ರತಿಯೊಬ್ಬ ಹೆಣ್ಣುಮಗಳಿಗೂ ಉಂಟು. ಅದನ್ನು ಆಕೆಗೆ ತಿಳಿಸುವ ಕೆಲಸ ಈ ವರ್ಷವೇ ಆರಂಭವಾಗಲಿ.